ಗಣಕಕ್ಕೆ ದನಿ ಬಂದ ಬಗೆ

ಗಣಕಯಂತ್ರವನ್ನು ಕೊಂಡು ತಂದು, ತಂತಿಗಳನ್ನೆಲ್ಲ ಜೋಡಿಸಿ, ಗುಂಡಿ ಒತ್ತಿದರೆ ಅದರಿಂದ ಹಾಡು ಕೇಳಿಬರಬೇಕು ಎಂಬುದು ಇಂದು ಎಲ್ಲರ ಸಹಜ ನಿರೀಕ್ಷೆ. ಅಂಗೈಯಗಲದ ಫೋನೇ ಹಾಡುವಾಗ ಮೇಜಿನ ಮೇಲಿನ ಯಂತ್ರ ಹಾಡುವುದರಲ್ಲಿ ಏನು ಹೆಚ್ಚುಗಾರಿಕೆ? ಆದರೆ ಯುನಿಕ್ಸ್ ಕುಲಕ್ಕೆ ಸೇರಿದ ಲಿನಕ್ಸ್‌ನಂಥ ವ್ಯವಸ್ಥೆಗಳನ್ನು ತಮ್ಮ ಗಣಕಕ್ಕೆ ಹಾಕಿಕೊಂಡವರಿಗೆ ಈ ನಿರೀಕ್ಷೆ ಬಹಳ ಕಾಲ ಸುಲಭವಾಗಿ ಈಡೇರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು, ಮುದ್ರಣ ಯಂತ್ರ ಕೆಲಸ ಮಾಡುತ್ತಿತ್ತು, ದೂರದ ಗಣಕಗಳೊಡನೆ ಸಂಪರ್ಕವೂ ಸಿಗುತ್ತಿತ್ತು. ದನಿ ಮಾತ್ರ ಹೊರಡುತ್ತಿರಲಿಲ್ಲ. ಆ ಮೌನ ಮುರಿದದ್ದು ಹೇಗೆ ಎಂಬುದು ಬರೀ ಯಂತ್ರದ ಕಥೆಯಲ್ಲ. ಹಣ ಕೊಟ್ಟು ಕೊಂಡ ವಸ್ತುವಿನ ಒಳಗುಟ್ಟನ್ನು ತಿಳಿಯುವ ಹಕ್ಕು ಯಾರದು ಎಂಬ ಪ್ರಶ್ನೆಯ ಕಥೆಯೂ ಹೌದು.

1981ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಪಿ.ಸಿ.ಗೆ ದನಿ ಎಂಬುದಿದ್ದರೆ ಅದು 'ಬೀಪ್' ಎಂಬ ಒಂದೇ ಸದ್ದು. ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರನ್ನು ಸಮಯ ಎಣಿಸುವ ಒಂದು ಚಿಪ್ ಬಡಿದೆಬ್ಬಿಸುತ್ತಿತ್ತು. ತಪ್ಪು ಕೀಲಿ ಒತ್ತಿದರೆ ಎಚ್ಚರಿಸುವುದಕ್ಕೆ ಅಷ್ಟು ಸಾಕಾಗಿತ್ತು. ಕಚೇರಿ ಲೆಕ್ಕಕ್ಕಾಗಿ ಹುಟ್ಟಿದ ಯಂತ್ರಕ್ಕೆ ಸಂಗೀತದ ಗೊಡವೆ ಏಕೆ ಎಂದೇ ಅದನ್ನು ಕಟ್ಟಿದವರ ಭಾವನೆಯಾಗಿದ್ದಿರಬೇಕು.

ಅಂಕಿಗಳಾಗುವ ನಾದ

ದನಿ ಎಂದರೆ ಗಾಳಿಯ ಕಂಪನ. ಗಣಕಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಹಾಗಾಗಿ ಕಂಪನವನ್ನು ಅಂಕಿಗಳಾಗಿ, ಅಂಕಿಗಳನ್ನು ಮತ್ತೆ ಕಂಪನವಾಗಿ ಮಾರ್ಪಡಿಸುವ ಸಾಧನವೊಂದು ನಡುವೆ ಬೇಕು. ಸೌಂಡ್ ಕಾರ್ಡ್ ಮಾಡುವುದು ಇದೇ ಕೆಲಸವನ್ನು.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಇದನ್ನು ಅಂಕಿಗಳಲ್ಲಿ ಸೆರೆಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳತೆ ತೆಗೆಯಬೇಕೆಂಬುದು ಗಣಿತದ ನಿಯಮ. ಸಂಗೀತದ ಸಿ.ಡಿ.ಗಳಲ್ಲಿ ಸೆಕೆಂಡಿಗೆ 44,100 ಅಳತೆಗಳಿರುವುದು ಇದೇ ಕಾರಣಕ್ಕೆ. ಒಂದೊಂದು ಅಳತೆಗೂ ಎರಡು ಬೈಟ್, ಎಡಕ್ಕೊಂದು ಬಲಕ್ಕೊಂದು ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 1,76,400 ಬೈಟ್‌ಗಳಾಗುತ್ತವೆ. ಒಂದು ನಿಮಿಷದ ಹಾಡಿಗೆ ಒಂದು ಕೋಟಿಗೂ ಮಿಕ್ಕಿ.

ಈ ಪ್ರವಾಹ ಒಂದು ಕ್ಷಣವೂ ತಡೆಯದೆ ಹರಿಯುತ್ತಿರಬೇಕು. ಪರದೆಯ ಮೇಲೆ ಅಕ್ಷರ ಅರೆಕ್ಷಣ ತಡವಾಗಿ ಮೂಡಿದರೆ ಯಾರೂ ಗಮನಿಸುವುದಿಲ್ಲ. ಹಾಡಿನ ನಡುವೆ ಅಷ್ಟೇ ತಡವಾದರೆ ಕಿವಿ ಕೂಡಲೇ ಸಿಡಿಮಿಡಿಗೊಳ್ಳುತ್ತದೆ. ಗಣಕದ ಮಿಕ್ಕ ಕೆಲಸಗಳಿಗಿಂತ ದನಿಯ ಕೆಲಸ ಬೇರೆಯಾಗುವುದು ಇಲ್ಲಿಯೇ.

ಕಾರ್ಡುಗಳು ಬಂದವು

1987ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿದ್ದ ಆಡ್‌ಲಿಬ್ ಎಂಬ ಕಂಪನಿ ಪಿ.ಸಿ.ಗಳಿಗಾಗಿ ಸಂಗೀತದ ಕಾರ್ಡೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಹೃದಯದಲ್ಲಿ ಜಪಾನಿನ ಯಮಾಹಾ ಕಂಪನಿಯ ಚಿಪ್ ಇತ್ತು. ಒಂದು ಕಂಪನದಿಂದ ಇನ್ನೊಂದನ್ನು ತಿರುಚಿ ವಾದ್ಯಗಳ ನಾದವನ್ನು ಹುಟ್ಟಿಸುವ ಈ ವಿದ್ಯೆಯನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್. ಎರಡೇ ವರ್ಷಗಳಲ್ಲಿ, 1989ರಲ್ಲಿ, ಸಿಂಗಪುರದ ಸಿಮ್ ವಾಂಗ್ ಹೂ ಸ್ಥಾಪಿಸಿದ್ದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ತಂದಿತು. ಇದು ವಾದ್ಯಗಳ ನಾದದ ಜೊತೆಗೆ ಮುದ್ರಿಸಿದ ಮಾತನ್ನೂ ಕೇಳಿಸುತ್ತಿತ್ತು. ಗಣಕದ ಆಟಗಳನ್ನು ಬರೆಯುವವರು ಇದಕ್ಕೆ ಮಾರುಹೋದರು. ಬೇರೆ ಕಂಪನಿಗಳ ಕಾರ್ಡುಗಳೂ 'ನಾವೂ ಸೌಂಡ್ ಬ್ಲಾಸ್ಟರಿನಂತೆಯೇ' ಎಂದು ಹೇಳಿಕೊಳ್ಳಬೇಕಾಯಿತು.

ಆ ಕಾಲದ ಬಹುತೇಕ ಪಿ.ಸಿ.ಗಳಲ್ಲಿದ್ದ ಡಾಸ್ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಒಂದೇ ಕಾರ್ಯಕ್ರಮ ಓಡುತ್ತಿತ್ತು. ಓಡುವ ಕಾರ್ಯಕ್ರಮಕ್ಕೆ ಇಡೀ ಯಂತ್ರವೇ ಸ್ವಂತ. ಆಟವು ನೇರವಾಗಿ ಕಾರ್ಡಿನ ಜೊತೆ ಮಾತಾಡಿ ಸದ್ದು ಹೊರಡಿಸುತ್ತಿತ್ತು. ಯುನಿಕ್ಸ್‌ನ ಸಂಪ್ರದಾಯ ಬೇರೆ. ಅಲ್ಲಿ ಒಂದೇ ಯಂತ್ರದಲ್ಲಿ ಹಲವರು, ಹಲವು ಕೆಲಸ ನಡೆಸುತ್ತಿರುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರದನ್ನು ಕೆಡಿಸಬಾರದೆಂದು ಯಾವ ಕಾರ್ಯಕ್ರಮವೂ ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಮುಟ್ಟುವ ಅಧಿಕಾರ ನಡುಮನೆಯ ಯಜಮಾನನಂತಿರುವ 'ಕರ್ನೆಲ್' ಒಂದಕ್ಕೇ. ಆದ್ದರಿಂದ ಕರ್ನೆಲ್‌ಗೆ ಆ ಕಾರ್ಡಿನ ಭಾಷೆ ಬರಬೇಕು. ಆ ಭಾಷೆಯನ್ನು ಕಲಿಸುವ ತುಣುಕು ತಂತ್ರಾಂಶಕ್ಕೆ 'ಡ್ರೈವರ್' ಎಂದು ಹೆಸರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುತ್ತದೆ ಗಾದೆ. ಕಾರ್ಡು ಎಷ್ಟೇ ಉತ್ತಮವಾಗಿರಲಿ, ಡ್ರೈವರ್ ಇಲ್ಲದಿದ್ದರೆ ಅದು ಬರಿಯ ಹಸಿರು ಹಲಗೆ.

ಸನ್ ಕಂಪನಿಯಂಥವರು ಮಾರುತ್ತಿದ್ದ ಯುನಿಕ್ಸ್ ಯಂತ್ರಗಳಲ್ಲಿ ಈ ತೊಂದರೆ ಇರಲಿಲ್ಲ. 1989ರ ಅವರ ಸ್ಪಾರ್ಕ್‌ಸ್ಟೇಷನ್‌ನಲ್ಲಿ ದನಿಯ ಸೌಲಭ್ಯ ಒಳಗೇ ಇತ್ತು. ಯಂತ್ರ ಕಟ್ಟಿದವರೂ ಅವರೇ, ತಂತ್ರಾಂಶ ಬರೆದವರೂ ಅವರೇ. ಪಿ.ಸಿ.ಯ ಜಗತ್ತಿನಲ್ಲಾದರೋ ಪೆಟ್ಟಿಗೆ ಒಬ್ಬರದು, ಕಾರ್ಡು ಇನ್ನೊಬ್ಬರದು, ಕಾರ್ಡಿನೊಳಗಿನ ಚಿಪ್ ಮತ್ತೊಬ್ಬರದು. ಕಾರ್ಡಿನ ಕಂಪನಿ ಡಾಸ್‌ಗೆ, ವಿಂಡೋಸ್‌ಗೆ ಡ್ರೈವರ್ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು.

ಕರೆಗಂಟೆಯ ಜಗಳ

ಇದರ ಮೇಲೆ ಇನ್ನೊಂದು ತೊಡಕು. ಕಾರ್ಡಿನ ಬಳಿ ಇದ್ದ ಅಂಕಿಗಳು ಮುಗಿಯುತ್ತ ಬಂದಾಗ ಅದು ಕರ್ನೆಲ್‌ನ ಗಮನ ಸೆಳೆಯಬೇಕು. ಇದಕ್ಕೊಂದು ಕರೆಗಂಟೆಯ ತಂತಿ ಉಂಟು. ಆ ಕಾಲದ ಪಿ.ಸಿ.ಯಲ್ಲಿ ಇಂಥ ತಂತಿಗಳಿದ್ದದ್ದು ಸೊನ್ನೆಯಿಂದ ಹದಿನೈದರವರೆಗೆ, ಒಟ್ಟು ಹದಿನಾರು. ಅವುಗಳಲ್ಲಿ ಬಹುಪಾಲು ಕೀಲಿಮಣೆ, ಗಡಿಯಾರ, ಡಿಸ್ಕ್‌ಗಳಿಗೆ ಮೊದಲೇ ಮೀಸಲು. ಒಂದೇ ಗಂಟೆಯನ್ನು ಇಬ್ಬರು ಬಾರಿಸಿದರೆ ಕರೆದವರು ಯಾರೆಂದು ತಿಳಿಯದೆ ಗೊಂದಲವಾಗುತ್ತಿತ್ತು. ಮೊದಲ ಸೌಂಡ್ ಬ್ಲಾಸ್ಟರಿಗೆ ಗೊತ್ತುಮಾಡಿದ್ದ ತಂತಿ ಏಳನೆಯದು. ಮುದ್ರಣ ಯಂತ್ರದ ತಂತಿಯೂ ಅದೇ. ಮುಂದೆ ಬಂದ ಕಾರ್ಡುಗಳು ಐದನೆಯದಕ್ಕೆ ಸರಿದದ್ದು ಸುಮ್ಮನೆ ಅಲ್ಲ.

ಗಂಟೆಯ ಜೊತೆಗೆ ಮನೆ ನಂಬರೂ ಬೇಕು, ಹಮಾಲನೂ ಬೇಕು. ಕಾರ್ಡನ್ನು ಗುರುತಿಸುವ ವಿಳಾಸ ಸಾಮಾನ್ಯವಾಗಿ 220. ಮೂಟೆಗಳನ್ನು ಉಗ್ರಾಣದಿಂದ ನೇರವಾಗಿ ಅಂಗಡಿಗೆ ಹೊತ್ತು ಹಾಕುವ ಹಮಾಲನಂತೆ, ಕೇಂದ್ರ ಸಂಸ್ಕಾರಕಕ್ಕೆ ತೊಂದರೆ ಕೊಡದೆ ನೆನಪಿನ ಕೋಶದಿಂದ ಅಂಕಿಗಳನ್ನು ಕಾರ್ಡಿಗೆ ಸಾಗಿಸುವ ಮಾರ್ಗಗಳಿದ್ದವು. ಅವುಗಳಿಗೂ ನಂಬರುಗಳಿದ್ದವು. ಈ ಮೂರು ಸಂಖ್ಯೆಗಳನ್ನು ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಟೋಪಿಗಳನ್ನು ಕಿತ್ತು ಹಾಕಿ ಗೊತ್ತುಮಾಡಬೇಕಿತ್ತು.

ಲಿನಕ್ಸ್ ಹಾಕಿಕೊಂಡವರು ಇದೇ ಮೂರು ಸಂಖ್ಯೆಗಳನ್ನು ಕರ್ನೆಲ್‌ಗೂ ತಿಳಿಸಬೇಕು. ಆರಂಭದ ವರ್ಷಗಳಲ್ಲಿ ಅದಕ್ಕಾಗಿ ಇಡೀ ಕರ್ನೆಲ್ ಅನ್ನು ಹೊಸದಾಗಿ ಕಟ್ಟಬೇಕಿತ್ತು. ಪ್ರಶ್ನೆಗಳ ಪಟ್ಟಿಗೆ ಉತ್ತರ ಕೊಟ್ಟು ಕಾಯುತ್ತ ಕುಳಿತರೆ ಆಗಿನ ಯಂತ್ರಗಳಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಐದು ಎನ್ನುವ ಕಡೆ ಏಳು ಎಂದಿದ್ದರೆ ಮತ್ತೆ ಮೊದಲಿನಿಂದ.

ಫಿನ್ಲೆಂಡಿನ ಕೊಡುಗೆ

ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಕರ್ನೆಲ್ ಅನ್ನು ಬಹಿರಂಗಪಡಿಸಿದ್ದು 1991ರಲ್ಲಿ. ಮರುವರ್ಷವೇ ಇನ್ನೊಬ್ಬ ಫಿನ್ಲೆಂಡಿಗರು, ಹನ್ನು ಸಾವೊಲೈನೆನ್, ಸೌಂಡ್ ಬ್ಲಾಸ್ಟರಿಗೆ ಡ್ರೈವರ್ ಬರೆದರು. ಅದು ಬೆಳೆದು ಹಲವು ಬಗೆಯ ಕಾರ್ಡುಗಳನ್ನು ಒಳಗೊಂಡು, ಓಪನ್ ಸೌಂಡ್ ಸಿಸ್ಟಂ ಎಂದು ಹೆಸರಾಯಿತು.

ಅದರ ಸೊಗಸು ಇದ್ದದ್ದು ಸರಳತೆಯಲ್ಲಿ. ಯುನಿಕ್ಸ್‌ನಲ್ಲಿ ಯಂತ್ರದ ಭಾಗಗಳೂ ಕಡತಗಳಂತೆ ಕಾಣಬೇಕೆಂಬುದು ಹಳೆಯ ತತ್ತ್ವ. ಸಾವೊಲೈನೆನ್ ಸೌಂಡ್ ಕಾರ್ಡಿಗೂ 'ಡಿಎಸ್‌ಪಿ' ಎಂಬ ಕಡತದ ರೂಪ ಕೊಟ್ಟರು. ದನಿಯ ಅಂಕಿಗಳನ್ನು ಅದಕ್ಕೆ ಬರೆದರೆ ಸ್ಪೀಕರಿನಿಂದ ಹಾಡು, ಅದರಿಂದ ಓದಿದರೆ ಮೈಕಿನ ಮಾತು. ಪತ್ರವನ್ನು ಪರದೆಗೆ ತೋರಿಸುವ ಆಜ್ಞೆಯೇ ಹಾಡನ್ನೂ ಕೇಳಿಸಬಲ್ಲದು! ಗಣಕದ ಯಾವುದೋ ದಾಖಲೆಯನ್ನು ಈ ಕಡತಕ್ಕೆ ಸುರಿದು, ಅದರಿಂದ ಹೊರಟ ಕರ್ಕಶ ಕಿರುಚಾಟವನ್ನು ಕೇಳಿ 'ಕಾರ್ಡು ಬದುಕಿದೆ' ಎಂದು ಸಂತೋಷಪಡಬಹುದಿತ್ತು.

ಪರೀಕ್ಷೆಗೆಂದೇ ಇದಕ್ಕಿಂತ ಹಿತವಾದ ಧ್ವನಿಯೂ ಇತ್ತು. ಲಿನಕ್ಸ್ ಎಂಬ ಹೆಸರನ್ನು ತಾವು ಹೇಗೆ ಉಚ್ಚರಿಸುತ್ತೇನೆಂದು ಟೋರ್ವಾಲ್ಡ್ಸ್ ಹೇಳಿ ಮುದ್ರಿಸಿದ ಒಂದು ತುಣುಕು ಅದು. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡನ್ನು ಹೊಂದಿಸಲು ಕೊಟ್ಟಿದ್ದ ಸಾಧನ ಕೊನೆಯಲ್ಲಿ ಇದನ್ನೇ ಕೇಳಿಸುತ್ತಿತ್ತು. ಎಷ್ಟೋ ಯಂತ್ರಗಳು ಆಡಿದ ಮೊದಲ ಮಾತು ಅದನ್ನು ಓಡಿಸುವ ಕರ್ನೆಲ್‌ನ ಕರ್ತೃವಿನದೇ ಆಗಿತ್ತು.

ಗುಟ್ಟು ಯಾರದು?

ಒಂದು ಚಿಪ್‌ಗೆ ಡ್ರೈವರ್ ಬರೆಯಬೇಕಾದರೆ ಅದರ ಒಳವಿವರಗಳು ಗೊತ್ತಿರಬೇಕು. ಯಾವ ಕೋಶದಲ್ಲಿ ಯಾವ ಅಂಕಿ ಇಟ್ಟರೆ ದನಿ ಏರುತ್ತದೆ, ಯಾವುದರಿಂದ ನಿಲ್ಲುತ್ತದೆ ಎಂಬ ಪಟ್ಟಿಯೊಂದು ತಯಾರಕರ ಬಳಿ ಇರುತ್ತದೆ. ಕೆಲವರು ಅದನ್ನು ಕೇಳಿದವರಿಗೆಲ್ಲ ಕೊಟ್ಟರು. ಕೆಲವರು ಯಾರಿಗೂ ಹೇಳುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿದರೆ ಮಾತ್ರ ಕೊಡುತ್ತೇವೆಂದರು. ಮೂಲ ಬರಹವನ್ನು ಎಲ್ಲರ ಮುಂದೆ ತೆರೆದಿಡುವ ಲಿನಕ್ಸ್‌ನಂಥ ವ್ಯವಸ್ಥೆಗೆ ಆ ಕರಾರು ಒಗ್ಗುವುದು ಹೇಗೆ? ಪ್ರತಿಸ್ಪರ್ಧಿಗಳು ನಕಲು ಮಾಡಿಯಾರೆಂಬ ಕಂಪನಿಗಳ ಭಯವೂ ನಿರಾಧಾರವಾಗಿರಲಿಲ್ಲ. ಆದರೆ ಆ ಭಯದ ಬೆಲೆ ತೆತ್ತವರು ಕಾರ್ಡನ್ನು ಕೊಂಡವರು.

ಅಮೆರಿಕದ ಆರಿಯಲ್ ಕಂಪನಿಯ ವೋರ್ಟೆಕ್ಸ್ ಕಾರ್ಡುಗಳ ಪಾಡು ಇದಕ್ಕೊಂದು ನಿದರ್ಶನ. ಅದರ ಲಿನಕ್ಸ್ ಡ್ರೈವರಿನ ತಿರುಳು ಯಾರೂ ಓದಲಾಗದ ಮುಚ್ಚಿದ ರೂಪದಲ್ಲಿತ್ತು. 2000ದಲ್ಲಿ ಕಂಪನಿ ದಿವಾಳಿಯಾಯಿತು. ಕರ್ನೆಲ್ ಮುಂದೆ ಮುಂದೆ ಹೋಯಿತು, ಮುಚ್ಚಿದ ತಿರುಳು ಅಲ್ಲೇ ಉಳಿಯಿತು. ತಿದ್ದಬಲ್ಲವರ ಕೈಗೆ ಮೂಲ ಬರಹ ಇರಲಿಲ್ಲ. ಕೊನೆಗೆ ಸ್ವಯಂಸೇವಕರು ಆ ಚಿಪ್‌ನ ನಡೆಯನ್ನು ಹೊರಗಿನಿಂದಲೇ ಗಮನಿಸಿ, ಒಳಗಿನ ವಿನ್ಯಾಸವನ್ನು ಊಹಿಸಿ ಹೊಸ ಡ್ರೈವರ್ ಬರೆಯಬೇಕಾಯಿತು.

ಕ್ರಿಯೇಟಿವ್ ಕಂಪನಿಯದು ಎರಡೂ ಬಗೆಯ ನಡೆ. ತನ್ನ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನ ಲಿನಕ್ಸ್ ಡ್ರೈವರನ್ನು 1999ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಆದರೆ 2005ರಲ್ಲಿ ಬಂದ ಎಕ್ಸ್-ಫೈ ಕಾರ್ಡಿನ ವಿಷಯದಲ್ಲಿ ಹೀಗಾಗಲಿಲ್ಲ. ಎರಡು ವರ್ಷಗಳ ನಂತರ ಬಂದ ಡ್ರೈವರ್ ಮುಚ್ಚಿದ ರೂಪದ್ದು, ಪ್ರಾಯೋಗಿಕ. ಮೂಲ ಬರಹ ಹೊರಬಿದ್ದದ್ದು 2008ರಲ್ಲಿ. ಅದನ್ನು ಆಧರಿಸಿದ ಡ್ರೈವರ್ ಮರುವರ್ಷ ಕರ್ನೆಲ್‌ನೊಳಗೇ ಸೇರಿತು.

ಓಪನ್ ಸೌಂಡ್ ಸಿಸ್ಟಂ ಕೂಡ ಇದೇ ಕವಲುದಾರಿಗೆ ಬಂದು ನಿಂತಿತ್ತು. ಸಾವೊಲೈನೆನ್ ಅವರೂ ದೇವ್ ಮಜುಂದಾರ್ ಅವರೂ ಸೇರಿ ನಡೆಸುತ್ತಿದ್ದ ಫೋರ್‌ಫ್ರಂಟ್ ಕಂಪನಿ ಅದರ ಹೆಚ್ಚಿನ ರೂಪವನ್ನು ಹಣಕ್ಕೆ ಮಾರತೊಡಗಿತು. ದುಡಿಮೆಗೆ ಪ್ರತಿಫಲ ಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಕರ್ನೆಲ್‌ನಲ್ಲಿದ್ದ ಉಚಿತ ರೂಪ ಹಿಂದೆ ಬಿದ್ದಿತು. ಆ ಹೊತ್ತಿಗೆ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಎಂಬುವರು ಗ್ರೇವಿಸ್ ಅಲ್ಟ್ರಾಸೌಂಡ್ ಎಂಬ ಒಂದೇ ಕಾರ್ಡಿಗಾಗಿ ಬರೆಯಲು ಆರಂಭಿಸಿದ್ದ ಡ್ರೈವರ್ ಹಲವರ ಕೈಸೇರಿ 'ಅಲ್ಸಾ' ಎಂಬ ಪೂರ್ಣ ವ್ಯವಸ್ಥೆಯಾಗಿ ಬೆಳೆಯಿತು. 2003ರ ಡಿಸೆಂಬರ್‌ನಲ್ಲಿ ಬಂದ 2.6ನೇ ಕರ್ನೆಲ್‌ನಲ್ಲಿ ಅದಕ್ಕೆ ಅಧಿಕೃತ ಸ್ಥಾನ ದೊರೆಯಿತು. ಫೋರ್‌ಫ್ರಂಟ್ ತನ್ನ ಮೂಲ ಬರಹವನ್ನು 2007ರಲ್ಲಿ ತೆರೆದಿಟ್ಟಿತಾದರೂ ಲಿನಕ್ಸ್ ಆಗಲೇ ಬೇರೆ ದಾರಿ ಹಿಡಿದಿತ್ತು. ಯುನಿಕ್ಸ್ ಕುಲದ ಇನ್ನೊಂದು ಕುಡಿಯಾದ ಫ್ರೀಬಿಎಸ್‌ಡಿಯಲ್ಲಿ ಮಾತ್ರ ಸಾವೊಲೈನೆನ್ ಅವರ ಆ ಕಡತದ ಸಂಪ್ರದಾಯ ಇಂದಿಗೂ ಉಳಿದಿದೆ.

ಎಲ್ಲ ಸರಿ, ಸದ್ದಿಲ್ಲ!

ಡ್ರೈವರ್ ಸಿಕ್ಕಿತು, ಕಾರ್ಡು ಗುರುತಿಸಲ್ಪಟ್ಟಿತು ಎಂದಮಾತ್ರಕ್ಕೆ ಹಾಡು ಕೇಳಲೇಬೇಕೆಂದಿಲ್ಲ. ಅಲ್ಸಾ ಮೊದಲ ಬಾರಿ ಎಚ್ಚೆತ್ತಾಗ ಎಲ್ಲ ಮಾರ್ಗಗಳ ಬಾಯನ್ನೂ ಮುಚ್ಚಿಟ್ಟಿರುತ್ತಿತ್ತು. ಹಠಾತ್ತನೆ ದೊಡ್ಡ ಸದ್ದು ಹೊರಟು ಕಿವಿಗೂ ಸ್ಪೀಕರಿಗೂ ಅಪಾಯವಾಗದಿರಲೆಂಬುದು ಉದ್ದೇಶ. 'ಅಲ್ಸಾಮಿಕ್ಸರ್' ಎಂಬ ಸಾಧನವನ್ನು ತೆರೆದು, ಮುಚ್ಚಿದ ಮಾರ್ಗದ ಕೆಳಗೆ ಕಾಣುವ 'ಎಂಎಂ' ಎಂಬ ಗುರುತನ್ನು 'ಎಂ' ಕೀಲಿ ಒತ್ತಿ ತೆಗೆಯಬೇಕು. ಇದನ್ನರಿಯದೆ ಕಾರ್ಡೇ ಕೆಟ್ಟಿದೆಯೆಂದು ಪರದಾಡುವ ಸಂಭವ ಬಹಳವಿತ್ತು.

ಆದ್ದರಿಂದ ದನಿ ಬಾರದಿದ್ದಾಗ ತಳದಿಂದ ಮೇಲಕ್ಕೆ ಹುಡುಕುತ್ತ ಹೋಗುವುದೇ ಸರಿಯಾದ ಕ್ರಮ. ಯಂತ್ರಕ್ಕೆ ಕಾರ್ಡು ಕಾಣುತ್ತಿದೆಯೇ? ಅದರ ಡ್ರೈವರ್ ಕರ್ನೆಲ್‌ನೊಳಗೆ ಇಳಿದಿದೆಯೇ? ಕಾರ್ಡನ್ನು ಬಳಸುವ ಅನುಮತಿ ಬಳಕೆದಾರನಿಗೆ ಇದೆಯೇ? ಮಾರ್ಗ ಮುಚ್ಚಿದೆಯೇ? ಒಂದಕ್ಕಿಂತ ಹೆಚ್ಚು ಕಾರ್ಡುಗಳಿದ್ದರೆ ಹಾಡು ತಪ್ಪು ಕಾರ್ಡಿಗೆ ಹೋಗುತ್ತಿದೆಯೇ? ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ಕಿಂಡಿಯೂ ಒಂದು ಸೌಂಡ್ ಕಾರ್ಡಿನಂತೆಯೇ ಕಾಣಿಸಿಕೊಳ್ಳುವುದರಿಂದ, ಯಾರೂ ಕೇಳದ ಕಡೆ ಹಾಡು ಹರಿದುಹೋಗುವುದು ಇಂದಿಗೂ ಉಂಟು.

ಜಂಪರುಗಳ ಕಾಲ ಮುಗಿದ ಮೇಲೂ ಹೊಸ ತೊಡಕುಗಳು ಬಂದವು. 2004ರಲ್ಲಿ ಇಂಟೆಲ್ ರೂಪಿಸಿದ ಎಚ್‌ಡಿ ಆಡಿಯೋ ಪದ್ಧತಿಯಲ್ಲಿ ಕಾರ್ಡು ಬೇರೆಯಾಗಿ ಇಲ್ಲ, ಮುಖ್ಯ ಹಲಗೆಯ ಮೇಲೆಯೇ ಒಂದು ಚಿಪ್. ಚಿಪ್‌ನ ಯಾವ ಕಾಲು ಸ್ಪೀಕರಿಗೆ, ಯಾವುದು ಇಯರ್‌ಫೋನಿಗೆ ಎಂಬುದು ಆಯಾ ಗಣಕ ತಯಾರಕರ ಇಷ್ಟ. ಅದನ್ನು ಯಂತ್ರದಲ್ಲೇ ಬರೆದಿಡಬೇಕೆಂಬ ನಿಯಮವಿದ್ದರೂ ಬರೆದದ್ದು ಅನೇಕ ಸಲ ತಪ್ಪಾಗಿರುತ್ತಿತ್ತು. ಆ ತಪ್ಪುಗಳನ್ನು ಒಂದೊಂದು ಮಾದರಿಗೂ ಬೇರೆ ಬೇರೆಯಾಗಿ ಸರಿಪಡಿಸುವ ಉದ್ದನೆಯ ಪಟ್ಟಿಯೇ ಇಂದು ಲಿನಕ್ಸ್ ಕರ್ನೆಲ್‌ನೊಳಗಿದೆ. ಅಲ್ಸಾದ ಈ ಭಾಗವನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿರುವವರು ಜರ್ಮನಿಯ ಸೂಸೆ ಕಂಪನಿಯ ತಕಾಶಿ ಇವಾಯಿ.

ಇನ್ನುಳಿದದ್ದು ಹಂಚಿಕೆಯ ಸಮಸ್ಯೆ. ಒಂದು ಕಾರ್ಯಕ್ರಮ ಕಾರ್ಡನ್ನು ಹಿಡಿದುಕೊಂಡರೆ ಇನ್ನೊಂದಕ್ಕೆ 'ಬಿಡುವಿಲ್ಲ' ಎಂಬ ಉತ್ತರ ಸಿಗುತ್ತಿತ್ತು. ಎಲ್ಲರ ದನಿಯನ್ನೂ ಬೆರೆಸಿ ಕಾರ್ಡಿಗೆ ಕೊಡುವ ಮಧ್ಯವರ್ತಿಗಳು ಒಂದರ ಹಿಂದೆ ಒಂದು ಹುಟ್ಟಿದವು. ಲೆನಾರ್ಟ್ ಪೊಟ್ಟರಿಂಗ್ ಆರಂಭಿಸಿದ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾ ಲಿನಕ್ಸ್‌ನ, ಮರುವರ್ಷ ಉಬುಂಟುವಿನ ಭಾಗವಾಯಿತು. ಆರಂಭದಲ್ಲಿ ಅದು ಮೌನವನ್ನು ನೀಗಿದಷ್ಟೇ ಹುಟ್ಟಿಸಿತು ಎಂಬ ದೂರುಗಳೂ ಇದ್ದವು. ಡ್ರೈವರುಗಳಲ್ಲಿ ಅಡಗಿದ್ದ ದೋಷಗಳು ಹೊರಬಿದ್ದದ್ದೂ ಇದಕ್ಕೊಂದು ಕಾರಣ. 2021ರಿಂದ ಫೆಡೋರಾ, 2022ರಿಂದ ಉಬುಂಟು ಆ ಜಾಗಕ್ಕೆ ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಅನ್ನು ತಂದಿವೆ. ಇಂದು ಬಹುಪಾಲು ಗಣಕಗಳಲ್ಲಿ ಲಿನಕ್ಸ್ ಹಾಕಿದೊಡನೆ ದನಿ ತಾನಾಗಿಯೇ ಬರುತ್ತದೆ.

ಪರದೆ ಕಾಣದವರಿಗೆ

ಹಾಡು ಕೇಳದಿದ್ದರೆ ಏನು ಮುಳುಗಿಹೋಯಿತು ಎಂದು ಕೇಳಬಹುದು. ಕಣ್ಣಿದ್ದವರಿಗೆ ಸೌಂಡ್ ಕಾರ್ಡ್ ಒಂದು ಸೊಗಸು. ಕಣ್ಣು ಕಾಣದವರಿಗೆ ಅದೇ ಪರದೆ. ಅದು ಮಾತಾಡದಿದ್ದರೆ ಇಡೀ ಯಂತ್ರ ಕತ್ತಲು. ಸರಿಪಡಿಸುವುದು ಹೇಗೆಂಬ ಸೂಚನೆಯೂ ಅದೇ ಕತ್ತಲಿನೊಳಗೆ.

ಪುಣೆಯಲ್ಲಿ ಬೆಳೆದು, ಎಳವೆಯಲ್ಲೇ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡು, ಮುಂದೆ ಅಮೆರಿಕದಲ್ಲಿ ಗಣಕ ವಿಜ್ಞಾನಿಯಾದ ಟಿ.ವಿ. ರಾಮನ್ ಅವರು 1995ರಲ್ಲಿ ಎಮ್ಯಾಕ್‌ಸ್ಪೀಕ್ ಎಂಬ ತಂತ್ರಾಂಶವನ್ನು ಹೊರತಂದರು. ಯುನಿಕ್ಸ್ ಲೋಕದ ಪ್ರಸಿದ್ಧ ಬರವಣಿಗೆ ಸಾಧನವೊಂದನ್ನು ಅದು ಮಾತಾಡುವಂತೆ ಮಾಡಿತು. ಆಗ ಮಾತನ್ನು ನುಡಿಯುತ್ತಿದ್ದದ್ದು ಗಣಕಕ್ಕೆ ಹೊರಗಿನಿಂದ ಜೋಡಿಸುವ, ದುಬಾರಿಯಾದ ಬೇರೆಯೇ ಒಂದು ಪೆಟ್ಟಿಗೆ. ಸಾಮಾನ್ಯ ಸೌಂಡ್ ಕಾರ್ಡಿನಿಂದಲೇ ಮಾತು ಹೊರಡಿಸುವಂತಾದಾಗ ಆ ಖರ್ಚು ತಪ್ಪಿತು. ಬ್ರಿಟನ್ನಿನ ಜೊನಾಥನ್ ಡಡಿಂಗ್ಟನ್ ಬರೆದ ಇ-ಸ್ಪೀಕ್ ಎಂಬ ಪುಟ್ಟ ತಂತ್ರಾಂಶ ಹತ್ತಾರು ಭಾಷೆಗಳನ್ನು ಓದುತ್ತದೆ. ಕನ್ನಡವೂ ಅವುಗಳಲ್ಲಿ ಒಂದು. ಅದರ ದನಿ ಯಾಂತ್ರಿಕವೇ ಹೌದು, ಆದರೆ ಕೇಳಿ ಅರ್ಥಮಾಡಿಕೊಳ್ಳಬಹುದು. 2006ರಿಂದ ಗ್ನೋಮ್ ಎಂಬ ಮೇಜುಪರದೆಯ ವ್ಯವಸ್ಥೆಯಲ್ಲಿ ಒರ್ಕಾ ಎಂಬ ಪರದೆ ವಾಚಕವೂ ಜೊತೆಗೇ ಬರುತ್ತಿದೆ.

ಇವೆಲ್ಲಕ್ಕೂ ಆಧಾರ ಸೌಂಡ್ ಕಾರ್ಡು. ಹಾಗಾಗಿ ದನಿಯ ವ್ಯವಸ್ಥೆಯನ್ನು ಬದಲಿಸಿದಾಗಲೆಲ್ಲ ಮೊದಲು ಪೆಟ್ಟು ಬಿದ್ದದ್ದು ಇವರಿಗೆ. ಪಲ್ಸ್‌ಆಡಿಯೋ ಒಬ್ಬ ಬಳಕೆದಾರನ ಹೆಸರಿನಲ್ಲಿ ಕಾರ್ಡನ್ನು ಹಿಡಿದುಕೊಂಡರೆ, ಯಂತ್ರದ ತಳದಲ್ಲಿ ಓಡುವ ಪರದೆ ವಾಚಕದ ಮಾತು ನಿಂತುಹೋಗುತ್ತಿತ್ತು. ಉಳಿದವರಿಗೆ ಹಾಡು ನಿಂತರೆ, ಇವರಿಗೆ ಕೆಲಸವೇ ನಿಂತಂತೆ.

ಈ ಕಷ್ಟವನ್ನು ಅರಿತವರು ಮಾಡಿದ ಒಂದು ಏರ್ಪಾಟು ಡೆಬಿಯನ್ ಲಿನಕ್ಸ್‌ನಲ್ಲಿದೆ. ಸ್ಥಾಪನೆಯ ಆರಂಭದಲ್ಲಿ ಯಂತ್ರ ಬೀಪ್ ಎನ್ನುತ್ತದೆ. ಆಗ 'ಎಸ್' ಕೀಲಿಯನ್ನೊತ್ತಿ ಎಂಟರ್ ಕೊಟ್ಟರೆ ಮುಂದಿನ ಪ್ರಶ್ನೆಗಳನ್ನೆಲ್ಲ ಅದು ಓದಿ ಹೇಳುತ್ತದೆ. ಯಂತ್ರದಲ್ಲಿ ಹಲವು ಸೌಂಡ್ ಕಾರ್ಡುಗಳಿದ್ದರೆ ಸ್ಪೀಕರು ಯಾವುದಕ್ಕೆ ಜೋಡಿಸಿದೆಯೆಂದು ತಿಳಿಯುವುದು ಹೇಗೆ? ಒಂದೊಂದರ ಮೂಲಕವೂ ಸರದಿಯಂತೆ ಮಾತಾಡಿ, ಈ ಕಾರ್ಡು ಬೇಕಿದ್ದರೆ ಎಂಟರ್ ಒತ್ತಿ ಎನ್ನುತ್ತದೆ. ಕೇಳಿಸಿದವರು ಒತ್ತುತ್ತಾರೆ. ಕೇಳಿಸದಿದ್ದರೆ ಯಂತ್ರ ಮುಂದಿನ ಕಾರ್ಡಿಗೆ ಹೋಗಿ ಮತ್ತೆ ಕೇಳುತ್ತದೆ.